ಕೆಳಗಿನ ಮನೆಯಾಕೆಗೆ ಹೊದಿಸಿದ ಶಾಲು

ಮೊನ್ನೆ ಚಳಿ ಜಾಸ್ತಿಯಾಯಿತು ಅಂತ ಈ ವರ್ಷ ಮೊದಲ ಸಲ ಹೀಟರ್ ಹಾಕಿದೆ. ಬೇಸಿಗೆಯೆಲ್ಲಾ ಅದರೊಳಗೆ ಕೂತಿದ್ದ ಧೂಳು ಸುಟ್ಟು ಮನೆ ತುಂಬಾ ಒಂದು ವಾಸನೆ ಹರಡಿತು. ಮಗಳು ಮೂಗು ಮುಚ್ಚಿಕೊಂಡು, "ಅಮ್ಮೀ, ಓಪನ್ ದಿ ವಿಂಡೋ, ಪ್ಲೀಸ್" ಅಂದಳು. ನಾನು ತೆಗೆಯಲಿಲ್ಲ. ಆ ವಾಸನೆ ನನಗೆ ಗೊತ್ತು. ಇಲ್ಲೇ ಅಮೆರಿಕದಲ್ಲಿ ನಾವು ಮೊದಲಿದ್ದ ಪ್ಲೇನ್ಸ್‌ಬರೋದಲ್ಲಿ ನಮ್ಮ ಕೆಳಗಿನ ಮನೆಯಾಕೆ ತಮ್ಮ ಹಳೇ ಆಂಪ್ಲಿಫೈಯರ್ ಆನ್ ಮಾಡಿದಾಗ ಒಳಗಿನ ವಾಲ್ವ್‌ಗಳು ಕಾದು ಥೇಟ್ ಇದೇ ವಾಸನೆ ಬರುತ್ತಿತ್ತು. ಒಲೆ ಮೇಲೆ ಹಾಲಿಟ್ಟಿದ್ದೆ. ಅದು ಉಕ್ಕಿ ಹೋಗುವವರೆಗೂ ಅಲ್ಲೇ ನಿಂತಿದ್ದೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ಒಮ್ಮೆ ಮೈಕಿನಲ್ಲಿ ದೊಡ್ಡದಾಗಿ ಕೂಗಿದವಳು ನಾನು. ಆಮೇಲೆ ಆದದ್ದು ನೆನೆಸಿಕೊಂಡರೆ ಇನ್ನೊಂದು ಸಲ ಆ ಹೆಸರೆತ್ತಲು ನನಗೆ ಮುಖವಿಲ್ಲ. ಮನೆಯಲ್ಲಿ ನಾವೆಲ್ಲ ಅವರನ್ನು ಕೆಳಗಿನ ಮನೆ ಅಜ್ಜಿ ಅಂತಲೇ ಕರೆಯುತ್ತಿದ್ದೆವು.

ಆ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸ್ ತುಂಬಾ ನಮ್ಮವರೇ. ಸಂಜೆ ಮೆಟ್ಟಿಲು ಹತ್ತುವಾಗ ಯಾವ ಮನೆಯಲ್ಲಿ ಸಾರು, ಯಾವ ಮನೆಯಲ್ಲಿ ಹುಳಿ ಅಂತ ಹೇಳಬಹುದಿತ್ತು. ಅಷ್ಟು ಜನರ ನಡುವೆ ಈ ಕಪ್ಪು ಅಮೆರಿಕನ್ ಅಜ್ಜಿ ಒಬ್ಬರೇ ಇದ್ದರು. ಎಂಬತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು, ಕಸ ಹಾಕಲು ಹೊರಟರೂ ಲಿಪ್‌ಸ್ಟಿಕ್. ಒಂದು ಭಾನುವಾರ ಮಧ್ಯಾಹ್ನ ನಮ್ಮ ನೆಲ ಧಡ್ ಧಡ್ ಅಂತ ನಡುಗತೊಡಗಿತು. ನಿದ್ದೆಗೆಟ್ಟ ನಮ್ಮ ಮನೆಯವರು, "ಹೋಗಿ ಒಂದು ಮಾತು ಹೇಳಿ ಬಾ" ಅಂದರು. ನಾನು ಇಂಗ್ಲಿಷ್ ಜೋಡಿಸಿಕೊಂಡು ಇಳಿದೆ. ಬಾಗಿಲು ತೆಗೆದವರ ಹೆಗಲಲ್ಲಿ ಗಿಟಾರು!

"ಸದ್ದು ಜಾಸ್ತಿ ಆಯ್ತಾ, ಬೇಬಿ?"

"ಇಲ್ಲ ಇಲ್ಲ, ಸುಮ್ಮನೆ ಮಾತಾಡಿಸೋಣ ಅಂತ ಬಂದೆ" ಅಂದೆ. ದೂರು ಹೇಳಲು ಹೋಗಿ ಕುಶಲ ಕೇಳಿ ಬರುವ ಜಾತಿ ನಮ್ಮದು.

ಅವರಿಗೆ ಎಲ್ಲ ಗೊತ್ತಾಗಿತ್ತು. "ನಿನ್ನ ಮಗಳು ನನ್ನ ತಲೆ ಮೇಲೆ ದಿನಾ ಕುದುರೆ ಓಡಿಸ್ತಾಳೆ, ನಾನು ಯಾವತ್ತಾದ್ರೂ ಮೇಲೆ ಬಂದಿದೀನಾ?" ಅಂತ ನಕ್ಕು ಒಳಗೆ ಕರೆದರು. ಆಮೇಲೆ ವಾರಕ್ಕೊಮ್ಮೆಯಾದರೂ ಹೋಗಿ ಕೂರುವುದು ನನಗೆ ರೂಢಿಯಾಯಿತು.

ಅವರ ಕಥೆ ಒಂದೇ ದಿನ ಹೊರಬಂದದ್ದಲ್ಲ. ಹುಟ್ಟಿ ಬೆಳೆದದ್ದು ನ್ಯೂವಾರ್ಕಿನಲ್ಲಿ. ಚರ್ಚಿನಲ್ಲಿ ಹಾಡುತ್ತಾ, ಅಣ್ಣನ ಗಿಟಾರು ಕದ್ದು ನುಡಿಸುತ್ತಾ ಬೆಳೆದ ಹುಡುಗಿ. ರಾಕ್ ಅಂಡ್ ರೋಲ್ ಅನ್ನುವ ಹೆಸರು ಇನ್ನೂ ಸರಿಯಾಗಿ ಅಂಟಿಕೊಂಡಿರದ ಕಾಲದಲ್ಲೇ, ಚರ್ಚಿನ ಚಪ್ಪಾಳೆ ತಾಳಕ್ಕೆ ಕರೆಂಟಿನ ಗಿಟಾರು ಸೇರಿಸಿ, ಗಂಟಲು ಬಿಟ್ಟು ಹಾಡುತ್ತಿದ್ದರಂತೆ. ಚರ್ಚಿನ ಹಿರಿಯರು ಇದು ಸೈತಾನನ ಹಾಡು ಅಂತ ಬೈದು ದೂರ ಮಾಡಿದರು. ಆಗ ಊರಿನ ಒಂದು ಬ್ಯಾಂಡಿನವರು ಇವರನ್ನು ಕರೆದುಕೊಂಡು ಹೋಗಿ ಒಂದು ರೆಕಾರ್ಡ್ ಮಾಡಿದರು. ಹಾಡು ಇವರದು, ದನಿ ಇವರದು, ಗಿಟಾರೂ ಇವರದೇ. ರೆಕಾರ್ಡಿನ ಮೇಲೆ ಅಚ್ಚಾಗಿದ್ದು ಮಾತ್ರ ಬ್ಯಾಂಡಿನ ಯಜಮಾನನ ಹೆಸರು. ಕೆಲವು ವರ್ಷದ ಮೇಲೆ ಟಿವಿಯಲ್ಲಿ ಹುಡುಗರು ಅದೇ ಥರ ಗಿಟಾರು ಹಿಡಿದು ಕುಣಿದಾಗ ಜಗತ್ತೇ ಹುಚ್ಚೆದ್ದಿತು. ಇವರು ಆಗ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಟ್ರೇ ತುಂಬಿಸುತ್ತಿದ್ದರು. ಅವರ ಹತ್ತಿರವಿದ್ದ ಒಂದೇ ಒಂದು ರೆಕಾರ್ಡು ಬೇಸ್‌ಮೆಂಟಿಗೆ ನೀರು ನುಗ್ಗಿ ಹಾಳಾಯಿತು.

ನನ್ನ ಬಾಲ್ಯ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ. ನಮ್ಮಮ್ಮ ಬೆಳಿಗ್ಗೆಯಿಂದ ರೇಡಿಯೋ ಆರಿಸುತ್ತಿರಲಿಲ್ಲ. ಪ್ರತಿ ಹಾಡಿನ ಮೊದಲು ಒಬ್ಬ ದೊಡ್ಡವರ ಹೆಸರು ಹೇಳಿ "ಮತ್ತು ಸಂಗಡಿಗರು" ಅನ್ನುತ್ತಿದ್ದರಲ್ಲ, ಅದನ್ನು ಅಜ್ಜಿಗೆ ವಿವರಿಸಿದೆ. ಅವರು ಬಿದ್ದು ಬಿದ್ದು ನಕ್ಕರು. "ಹಾಗಾದ್ರೆ ನಾನು ಸಂಗಡಿಗರು!" ಅಂದರು. ಅಂದಿನಿಂದ ಫೋನ್ ಮಾಡಿದರೆ "ಬೇಬಿ, ಸಂಗಡಿಗರು ಮಾತಾಡ್ತಿರೋದು" ಅಂತಲೇ ಶುರು. ಆ ಪದ ಅವರ ಬಾಯಲ್ಲಿ ಎಷ್ಟು ಚೆಂದ ಕೇಳುತ್ತಿತ್ತು...

ನಮ್ಮ ಕಡೆ ಒಂದು ಸಣ್ಣ ಕನ್ನಡ ಗುಂಪು ಇತ್ತು. ಅದರ ಕಾರ್ಯಕ್ರಮಗಳಿಗೆಲ್ಲ ನಿರೂಪಣೆ ನನ್ನದೇ. ಮನೆಯಲ್ಲಿ ಉರ್ದು ಆಡುವವಳು ಮೈಕಿನಲ್ಲಿ ಇಷ್ಟು ಅಚ್ಚುಕಟ್ಟಾಗಿ ಕನ್ನಡ ಮಾತಾಡುತ್ತಾಳೆ ಅಂತ ಎಲ್ಲರಿಗೂ ಒಂದು ಅಕ್ಕರೆ, ನನಗೋ ಅದೇ ಒಂದು ಜಂಬ. ಆ ವರ್ಷದ ಯುಗಾದಿಗೆ ಅಜ್ಜಿಯಿಂದ ಒಂದು ಹಾಡು ಹಾಡಿಸೋಣ ಅಂತ ಕಮಿಟಿಯಲ್ಲಿ ಹೇಳಿದೆ. "ಒಳ್ಳೇ ಐಡಿಯಾ ಮೇಡಂ, ಡಿಫರೆಂಟ್ ಆಗಿರುತ್ತೆ" ಅಂದರು ಅಧ್ಯಕ್ಷರು. ಇಳಿದು ಹೋಗಿ ಅಜ್ಜಿಗೆ ಹೇಳಿದೆ. ರೆಕಾರ್ಡಾದ ಮೇಲೆ ಅವರು ಸ್ಟೇಜ್ ಹತ್ತಿರಲೇ ಇಲ್ಲ.

"ಹಾಡೋಕೆ ಮುಂಚೆ ನನ್ನ ಹೆಸರು ಹೇಳ್ತೀರಾ?" ಅಂತ ಕೇಳಿದರು.

"ಖಂಡಿತ. ನಾನೇ ಹೇಳ್ತೀನಿ."

"ಪೂರ್ತಿ ಹೆಸರು?"

"ಪೂರ್ತಿ ಹೆಸರು."

ಅಷ್ಟೇ ಅವರು ಕೇಳಿದ್ದು. ಆಮೇಲೆ ವಾರಗಟ್ಟಲೆ ನಮ್ಮ ನೆಲ ನಡುಗಿತು. ಆ ಹಳೇ ರೆಕಾರ್ಡಿನ ಹಾಡನ್ನೇ ತಿದ್ದಿ ತೀಡುತ್ತಿದ್ದರು. ಮೇಲೆ ನಮಗೆ ತಾಳ ಮಾತ್ರ ಕೇಳುತ್ತಿತ್ತು. ನಾನು ಕೆಳಗೆ ಹೋದರೆ ಗಿಟಾರು ಗೋಡೆಗೆ ಒರಗಿಸಿಬಿಡುವರು. ಒಂದು ಸಾಲಾದರೂ ಹಾಡಿ ಅಂತ ಗೋಗರೆದರೆ, "ಅವತ್ತು ಎಲ್ಲರ ಜೊತೆ ಕೂತು ಕೇಳು" ಅನ್ನುವರು. ಮೊದಲು ಹೇಳಲಿಕ್ಕೆ ಅಂತ ಒಂದು ಕನ್ನಡ ಮಾತು ಕಲಿಸು ಅಂದರು. "ಎಲ್ಲರಿಗೂ ನಮಸ್ಕಾರ, ನಾನು ಹಾಡ್ತೀನಿ" ಅಂತ ಕಲಿಸಿದೆ. ಪಾಪ, ಕಾರಿನಲ್ಲಿ ಹಾಲ್‌ವರೆಗೂ ಅದನ್ನೇ ಗುನುಗುತ್ತಾ ಬಂದರು.

ಯುಗಾದಿ ಕಾರ್ಯಕ್ರಮ ಪಕ್ಕದ ಊರು ಮಾನ್ಮತ್ ಜಂಕ್ಷನ್ ಕಡೆಯ ಒಂದು ಸ್ಕೂಲಿನ ಆಡಿಟೋರಿಯಮ್ಮಿನಲ್ಲಿತ್ತು. ನಮ್ಮ ಕಾರ್ಯಕ್ರಮಗಳು ಹೇಗಿರುತ್ತವೆ ಅಂತ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಹತ್ತಕ್ಕೆ ಶುರು ಅಂದರೆ ಹನ್ನೊಂದೂವರೆಗೆ ಪ್ರಾರ್ಥನೆ. ಮಕ್ಕಳ ಡ್ಯಾನ್ಸು ಒಂದಾದ ಮೇಲೊಂದು, ಯಾವ ಮಗುವನ್ನೂ ಬಿಡುವ ಹಾಗಿಲ್ಲ, ಅಪ್ಪ ಅಮ್ಮ ಮುನಿಸಿಕೊಳ್ಳುತ್ತಾರೆ. ಮುಖ್ಯ ಅತಿಥಿಗಳು ಎರಡು ಮಾತು ಅಂತ ಹಿಡಿದ ಮೈಕು ಬಿಡಲೇ ಇಲ್ಲ. ಅಜ್ಜಿ ನೇರಳೆ ಬಣ್ಣದ ಡ್ರೆಸ್ಸು ಹಾಕಿ, ಸ್ಟೇಜಿನ ಪಕ್ಕದ ಕುರ್ಚಿಯಲ್ಲಿ, ಗಿಟಾರು ತೊಡೆ ಮೇಲಿಟ್ಟುಕೊಂಡು ಬೆಳಿಗ್ಗೆಯಿಂದ ಕೂತಿದ್ದರು. ಪ್ರತಿ ಡ್ಯಾನ್ಸಿಗೂ ಚಪ್ಪಾಳೆ ತಟ್ಟಿದರು. ತಮ್ಮ ಸರದಿ ಹತ್ತಿರ ಬಂತು ಅನ್ನಿಸಿದಾಗ ಆಂಪ್ಲಿಫೈಯರ್ ಆನ್ ಮಾಡಿಟ್ಟರು.

ಅಷ್ಟರಲ್ಲಿ ಅಧ್ಯಕ್ಷರು ನನ್ನ ಕಿವಿಯ ಹತ್ತಿರ ಬಂದರು. "ಮೇಡಂ, ಎಲೆ ಹಾಕಿ ಆಗಿದೆ, ಹೋಳಿಗೆ ಆರಿಹೋಗ್ತಿದೆ, ಮಕ್ಕಳು ಅಳ್ತಿದ್ದಾರೆ. ಅಜ್ಜಿಗೆ ಈಗ ಸನ್ಮಾನ ಮಾಡಿ ಮುಗಿಸಿಬಿಡೋಣ. ಹಾಡು ಊಟ ಆದ್ಮೇಲೆ ಇಟ್ಕೊಳ್ಳೋಣ, ಆರಾಮಾಗಿ."

ಊಟವಾದ ಮೇಲೆ ಹಾಲಿನಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಅದು ಅಧ್ಯಕ್ಷರಿಗೂ ಗೊತ್ತು, ನನಗೂ ಗೊತ್ತು. "ಇಲ್ಲ ಸರ್, ಒಂದೇ ಹಾಡು, ಹಾಡಿಸಿಯೇ ತೀರಬೇಕು" ಅಂತ ನಾನು ಹೇಳಬಹುದಿತ್ತು. ಮೈಕು ನನ್ನ ಕೈಯಲ್ಲೇ ಇತ್ತು! ಆದರೆ ಎಲ್ಲರೂ ಮೆಚ್ಚುವ ನಿರೂಪಕಿಗೆ ಯಾರ ಮುಖವೂ ಸಣ್ಣದಾಗಬಾರದು. "ಆಯ್ತು ಸರ್" ಅಂದೆ.

ಪೂರ್ತಿ ಹೆಸರು ಹೇಳಿ ಅವರನ್ನು ಕರೆದೆ. ರಾಕ್ ಅಂಡ್ ರೋಲಿನ ಬೇರಿಗೆ ನೀರೆರೆದ, ಲೋಕ ಮರೆತ ಗಾಯಕಿ ಅಂತೆಲ್ಲ ಬರೆದುಕೊಂಡಿದ್ದನ್ನು ಚೆನ್ನಾಗಿಯೇ ಓದಿದೆ. ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಾರ ಹಾಕಿ ಹಣ್ಣಿನ ಬುಟ್ಟಿ ಕೊಟ್ಟರು. ಕಮಿಟಿಯವರೆಲ್ಲ ಸುತ್ತ ನಿಂತು ಫೋಟೋ ತೆಗೆಸಿಕೊಂಡರು. ಅಜ್ಜಿ ಇದೆಲ್ಲ ಹಾಡಿಗೆ ಮುಂಚಿನ ಶಾಸ್ತ್ರ ಅಂದುಕೊಂಡಿದ್ದರು. ಬುಟ್ಟಿ ಕೆಳಗಿಟ್ಟು, ಪೇಟ ಸರಿಮಾಡಿಕೊಂಡು, ಗಿಟಾರು ಎತ್ತಿ ಹೆಗಲಿಗೆ ಹಾಕಿ, "ಎಲ್ಲರಿಗೂ..." ಅಂತ ಬಾಯಿ ತೆರೆದು ನನ್ನ ಕೈಯ ಮೈಕಿನ ಕಡೆ ಬಾಗಿದರು. ನಾನು ಅದನ್ನು ನನ್ನ ಬಾಯಿಗೆ ಹಿಡಿದು, "ಈಗ ಎಲ್ಲರೂ ಊಟಕ್ಕೆ ದಯಮಾಡಿಸಬೇಕು" ಅಂದೆ.

ಜನ ಜೋರಾಗಿ ಚಪ್ಪಾಳೆ ತಟ್ಟಿ ಎದ್ದು ನಿಂತರು. ಇಡೀ ಹಾಲ್ ಒಟ್ಟಿಗೇ ಎದ್ದಿತು. ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಾ ನಿಂತರು, ಕಣ್ಣು ತುಂಬಿತ್ತು. ಆಮೇಲೆ ಎಲ್ಲರೂ ಬೆನ್ನು ತಿರುಗಿಸಿ ಬಾಗಿಲ ಕಡೆ ನಡೆದರು. ಕುರ್ಚಿಗಳು ಟಪಟಪ ಮಡಚಿಕೊಂಡವು. ಆಗ ನಾನು ಅವರ ಮುಖ ನೋಡಲಿಲ್ಲ... ನೋಡದ ಹಾಗೆ ಹೂವಿನ ಕುಂಡ ಸರಿಸುತ್ತಿದ್ದೆ.

ಊಟ ಮುಗಿಯುವ ಹೊತ್ತಿಗೆ ಸೌಂಡಿನವನು ವೈರು ಸುತ್ತಿಕೊಂಡು ಹೋಗಿದ್ದ. "ಸಾರಿ, ದೀಪಾವಳಿಗೆ ಖಂಡಿತ ಹಾಡಿಸ್ತೀವಿ" ಅಂದೆ. "ಶೂರ್, ಬೇಬಿ" ಅಂದರು. ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ತಿಂದರು, ಎರಡನೆಯದನ್ನೂ ಕೇಳಿದರು. ವಾಪಸು ಬರುವಾಗ ಕಾರಿನಲ್ಲಿ ಶಾಲಿನ ಜರಿ ಸವರುತ್ತಾ, "ನಿಮ್ಮ ಜನಕ್ಕೆ ಮರ್ಯಾದೆ ಮಾಡೋದು ಅಂದ್ರೆ ಬಹಳ ಇಷ್ಟ, ಅಲ್ವಾ?" ಅಂದರು. ಅದರಲ್ಲಿ ಕೊಂಕು ಇತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ನನಗಂತೂ ಚುಚ್ಚಿತು. ಚುಚ್ಚಿದ್ದಕ್ಕೆ ಏನಾದರೂ ಮಾಡಿದೆನಾ? ಇಲ್ಲ. ಅವತ್ತೇ ಅವರ ಮನೆಯಲ್ಲಿ ಕೂತು, ಬಾಗಿಲು ಹಾಕಿ, ಹಾಡಿ ಅಂತ ಕೇಳಬಹುದಿತ್ತು. ಮಗಳಿಗೆ ಹೋಮ್‌ವರ್ಕ್ ಇದೆ ಅಂತ ಮೆಟ್ಟಿಲು ಹತ್ತಿಬಿಟ್ಟೆ.

ಆಮೇಲೆ ನೆಲ ನಡುಗಲಿಲ್ಲ. ದೀಪಾವಳಿಗೆ ಬೇರೆ ಕಮಿಟಿ ಬಂತು, ನಾನು ಮಾತೆತ್ತಲಿಲ್ಲ. ಕೆಳಗೆ ಹೋಗುವುದೂ ಕಮ್ಮಿಯಾಯಿತು. ತಪ್ಪು ಮಾಡಿದವರೇ ಮುಖ ತಪ್ಪಿಸುವುದು, ಇನ್ನೇನು! ನಾವು ಮನೆ ಕೊಂಡು ಮಾನ್ಮತ್ ಜಂಕ್ಷನ್‌ಗೆ ಬಂದೆವು. ಅಜ್ಜಿ ಬಿದ್ದು ಸೊಂಟ ಮುರಿದುಕೊಂಡರು, ಅವರ ತಂಗಿಯ ಮಗಳು ಬಂದು ತನ್ನ ಮನೆಗೆ ಕರೆದೊಯ್ದಳು ಅಂತ ಹಳೇ ನೆರೆಯವರಿಂದ ತಿಳಿಯಿತು. ನೋಡಲು ಹೋಗಬೇಕು ಅಂದುಕೊಂಡೇ ಇದ್ದೆ. ಕೊನೆಗೆ ಹೋದದ್ದು ಅವರ ಮಣ್ಣಿಗೆ.

ಚರ್ಚಿನಲ್ಲಿ, ಶವಪೆಟ್ಟಿಗೆಯ ಪಕ್ಕ, ದೊಡ್ಡದಾಗಿ ಫ್ರೇಮ್ ಹಾಕಿಸಿದ ಫೋಟೋ ಇತ್ತು. ಪೇಟ, ಶಾಲು, ಹಾರ... ನಮ್ಮ ಯುಗಾದಿಯದೇ ಫೋಟೋ. ತಂಗಿಯ ಮಗಳು ನನ್ನನ್ನು ಬಿಗಿಯಾಗಿ ತಬ್ಬಿಕೊಂಡಳು. "ಮೇಲಿನ ಮನೆಯವರು ನೀವೇ ಅಲ್ವಾ? ಆಂಟಿ ಎಲ್ಲರ ಹತ್ರಾನೂ ಹೇಳ್ತಿದ್ದರು. ನಿಮ್ಮ ಜನರ ಮುಂದೆ ಹಾಡಿದೆ, ಹಾಡು ಮುಗಿದಾಗ ಇಡೀ ಹಾಲ್ ಎದ್ದು ನಿಂತಿತು ಅಂತ."

"ಹೌದು, ಎಲ್ಲರೂ ಎದ್ದು ನಿಂತರು" ಅಂದೆ.

"ಅದರ ವಿಡಿಯೋ ಇರಬೇಕಲ್ಲ? ಹಳೇ ರೆಕಾರ್ಡ್ ಹುಡುಕ್ತಾನೇ ಇದೀನಿ, ಎಲ್ಲೂ ಸಿಗ್ತಿಲ್ಲ."

"ನೋಡ್ತೀನಿ" ಅಂದೆ. ಅಂದಿನಿಂದ ಆಗಾಗ ಅವಳ ಮೆಸೇಜು ಬರುತ್ತದೆ, ಬಹಳ ಸಂಕೋಚದಿಂದ. ವಿಡಿಯೋ ಸಿಕ್ಕಿತಾ? ಪ್ರತಿ ಸಲ ನಾನು ಹುಡುಕುತ್ತಿದ್ದೇನೆ ಅಂತ ಬರೆಯುತ್ತೇನೆ. ಹುಡುಕುವುದು ಏನು ಮಣ್ಣು! ವಿಡಿಯೋ ನನ್ನ ಕಂಪ್ಯೂಟರಿನಲ್ಲೇ ಇದೆ. ಅಜ್ಜಿ ಗಿಟಾರು ಹೆಗಲಿಗೆ ಹಾಕುತ್ತಾರೆ, ನಾನು ಊಟಕ್ಕೆ ಕರೆಯುತ್ತೇನೆ, ಅಲ್ಲಿಗೆ ನಿಲ್ಲುತ್ತದೆ. ಕ್ಯಾಮೆರಾದವನೂ ಊಟಕ್ಕೆ ಹೋದ.

ಇವತ್ತು ಬೆಳಿಗ್ಗೆ ಮತ್ತೆ ಕೇಳಿದಳು. ಈ ಸಲ ಸುಳ್ಳು ಬರೆಯಲು ಕೈ ಬರಲಿಲ್ಲ. ಫೋನ್ ಮಾಡಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಹಾಡಲಿಲ್ಲ, ನಾವು ಹಾಡಿಸಲಿಲ್ಲ, ಮೈಕು ನನ್ನ ಕೈಯಲ್ಲಿತ್ತು ಅಂತ. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ಪರವಾಗಿಲ್ಲ" ಅಂದಳು. "ನೀವು ಅಷ್ಟು ದಿನ ಆಂಟಿಯ ಮೇಲಿನ ಮನೆಯಲ್ಲೇ ಇದ್ದಿರಲ್ಲ. ನಮ್ಮಲ್ಲಿ ಯಾರೂ ಆ ಹಾಡು ಕೇಳೇ ಇಲ್ಲ. ನಿಮಗೆ ಒಂದು ಸಾಲಾದ್ರೂ ಬಂದ್ರೆ ಹೇಳಿ, ಸಾಕು. ನಾನು ಬರ್ಕೋತೀನಿ."

ನನಗೆ ಆ ಹಾಡು ಗೊತ್ತಿಲ್ಲ ಅಂತ ಅವಳಿಗೆ ಹೇಳಬೇಕಾಯಿತು.