ಅಮ್ಮನ ಕುತ್ತಿಗೆ

ನಾಲ್ಕು ಬೆರಳು. ಅಮ್ಮ ಗೋಡೆಗೆ ಬೆನ್ನು ತಾಗಿಸಿ ನಿಂತಾಗ ಅವಳ ತಲೆಯ ಹಿಂಭಾಗಕ್ಕೂ ಗೋಡೆಗೂ ನಡುವೆ ನನ್ನ ನಾಲ್ಕು ಬೆರಳು ಸಲೀಸಾಗಿ ಹೋಗುತ್ತಿದ್ದವು.

ಅಮ್ಮ ಅಂಗಡಿಯೊಂದರಿಂದ ಬರುವ ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಅಟ್ಟೂರಿನ ನಮ್ಮ ಮನೆಯ ಕಿಟಕಿಯ ಪಕ್ಕ ನೆಲದ ಮೇಲೆ ಕೂತು, ತೊಡೆಯ ಮೇಲೆ ದಿಂಬಿಟ್ಟು, ಅದಕ್ಕೆ ಸೆರಗನ್ನು ಪಿನ್ನು ಮಾಡಿ, ದಿನವಿಡೀ ಬಗ್ಗಿ ರೇಷ್ಮೆ ದಾರಕ್ಕೆ ಗಂಟು ಹಾಕುವುದು ಇಪ್ಪತ್ತು ವರ್ಷದ ಅಭ್ಯಾಸ. ಬಲಗೈ ಜುಮ್ಮೆನ್ನುತ್ತದೆ ಎಂದಾಗ ಯಲಹಂಕದಲ್ಲಿ ಡಾಕ್ಟರಿಗೆ ತೋರಿಸಿದೆ. ತೊಂದರೆ ಇರುವುದು ಕುತ್ತಿಗೆಯಲ್ಲಿ ಎಂದರು. ಗೋಡೆಗೆ ಒರಗಿ ಗದ್ದವನ್ನು ಹಿಂದಕ್ಕೆ ಎಳೆದು ಐದು ಎಣಿಸುವಷ್ಟು ಹೊತ್ತು ನಿಲ್ಲಬೇಕು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಬೆರಳು ಮರಗಟ್ಟಿದರೆ ತಡಮಾಡದೆ ಬನ್ನಿ, ಕೈಯ ಹಿಡಿತವೇ ಹೋಗಬಹುದು ಎಂದೂ ಹೇಳಿದರು.

ನಾನು ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ, ಸಂಜೆ ಎದುರಿಗೆ ನಿಂತು ಮಾಡಿಸುತ್ತಿದ್ದೆ. ಮಧ್ಯಾಹ್ನದ್ದನ್ನು ಅವಳಿಗೇ ಬಿಟ್ಟಿದ್ದೆ. ಬೆರಳು ಹೇಗಿದೆ ಎಂದು ಕೇಳಿದರೆ ಕಟ್ಟಿ ಮುಗಿಸಿದ ಸೆರಗು ತೋರಿಸುತ್ತಿದ್ದಳು. ಗಂಟುಗಳು ಒಂದೇ ಸಮ ಇರುತ್ತಿದ್ದವು. ಅಷ್ಟಕ್ಕೇ ನಾನು ಸುಮ್ಮನಾಗುತ್ತಿದ್ದೆ.

ತಿಂಗಳಾದರೂ ಗೋಡೆಗೂ ತಲೆಗೂ ನಡುವಿನ ನಾಲ್ಕು ಬೆರಳು ಮೂರಾಗಲಿಲ್ಲ. ಒಂದು ಸಂಜೆ ರೇಗಿದೆ. "ಮಧ್ಯಾಹ್ನ ಮಾಡ್ತಾನೇ ಇಲ್ಲ ಅಲ್ವಾ ನೀನು?"

"ಮದುವೆ ಸೀರೆ ಕಣೇ. ನಾನ್ ಗೋಡೆಗೆ ಅಂಟ್ಕೊಂಡ್ ನಿಂತ್ರೆ ಕುಚ್ಚು ನೀನ್ ಕಟ್ತೀಯಾ? ದೊಡ್ಡ ಸೆಟೆದ್ ನಿಂತಿರೋಳು ಇವ್ಳು! ಬಾ ಇಲ್ಲಿ, ನಿಂದೂ ನೋಡೋಣ."

ಗೋಡೆಗೆ ಒರಗಿ ನಿಂತೆ. ಅವಳು ನನ್ನ ತಲೆಯ ಹಿಂದೆ ಬಲಗೈ ತೂರಿಸಿದಳು. ಬೆರಳುಗಳು ನನ್ನ ಕೂದಲನ್ನು ಒತ್ತುತ್ತಿದ್ದವು. ಆದರೂ ಅವಳು ಪಕ್ಕಕ್ಕೆ ಬಾಗಿ ಇಣುಕಿ ನೋಡಿದಳು.

"ತಾಕ್ತಾ ಇದ್ಯಾ ನಿಂಗೆ?"

"ನಿಂಗೇ ಗೊತ್ತಾಗ್ತಿಲ್ವಾ?" ಎಂದೆ.

ಅಮ್ಮ ಕೈ ತೆಗೆದುಕೊಂಡಳು. "ತುದಿ ಗೊತ್ತಾಗಲ್ಲ. ಎರಡ್ ವಾರ ಆಯ್ತು. ನೋಡ್ಕೊಂಡೇ ಕಟ್ತೀನಿ."

ದಾರ ಬೆರಳಿಗೆ ತಿಳಿಯದಿದ್ದರೆ ಕಣ್ಣಿಗಾದರೂ ತಿಳಿಯಬೇಕು. ಅದಕ್ಕೆ ಇನ್ನಷ್ಟು ಬಗ್ಗಬೇಕು. ನಾನು ನೋಡಿ ನೆಮ್ಮದಿಪಟ್ಟ ಗಂಟುಗಳನ್ನು ಅವಳು ಕಟ್ಟಿದ್ದು ಹಾಗೆ.

"ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕೆಲ್ಸ ಬಿಡಿಸ್ತಿದ್ದೆ."

ಆ ರಾತ್ರಿ ಅನ್ನ ಬಡಿಸುವಾಗ, ನನ್ನ ಮುಖ ನೋಡದೆ, "ಉಳಿದಿರೋ ಎರಡು ಸೀರೆನ ಅಂಗಡಿಗೆ ವಾಪಸ್ ಕೊಟ್ಬಿಡು" ಎಂದಳು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ರಜೆ ಹೇಳಿದೆ. ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಹೊರಟು, ಅಂಗಡಿಯ ಮುಂದೆ ನಿಲ್ಲಿಸಿ, ಎರಡು ಸೀರೆಗಳನ್ನೂ ಅವುಗಳ ದಾರವನ್ನೂ ಒಪ್ಪಿಸಿದೆ. "ಅಮ್ಮಂಗೆ ಮತ್ತೆ ಯಾವಾಗ ಕಳಿಸ್ಲಿ?" ಎಂದು ಅಂಗಡಿಯಾಕೆ ಕೇಳಿದರು. ಗೊತ್ತಿಲ್ಲ ಎಂದು ಹೇಳಿ ಆಟೋ ಹತ್ತಿದೆ. ಡ್ರೈವರಿಗೆ ಆಸ್ಪತ್ರೆಯ ದಾರಿ ಹೇಳಿದೆ.