ವೈತರಣಿ ದಾಟಿಸುವ ಹಸು

ಗರುಡಪುರಾಣವನ್ನು ನಮ್ಮ ಸೀಮೆಯಲ್ಲಿ ಸುಮ್ಮನೆ ಯಾರೂ ಓದುವುದಿಲ್ಲ. ಸಾವಾದ ಮನೆಯಲ್ಲಿ, ಸೂತಕದ ದಿನಗಳಲ್ಲಿ ಮಾತ್ರ ಓದಿಸುತ್ತಾರೆ. ಸಿದ್ದಾಪುರದ ಸುತ್ತ ಇಪ್ಪತ್ತು ವರ್ಷ ಅದನ್ನು ಓದಿದವನು ನಾನು. ಕೀವು ರಕ್ತದ ನದಿ ಎಂದರೆ ಕೀವು ರಕ್ತದ ನದಿ. ಕುದಿಯುವ ಕೊಪ್ಪರಿಗೆ ಎಂದರೆ ಕೊಪ್ಪರಿಗೆ. ಇದ್ದದ್ದನ್ನು ಇದ್ದಹಾಗೆ ಹೇಳಿ ಎದ್ದು ಬರುತ್ತಿದ್ದೆ.

ಆಮೇಲೆ ನನ್ನ ಸೋದರಮಾವನ ಮಗ ಅದನ್ನೇ ಅರ್ಥ ಬಿಡಿಸಿ ಓದಲು ಶುರುಮಾಡಿದ. ಶಿರಸಿಯಲ್ಲಿ ಕಾಲೇಜು ಮೇಷ್ಟ್ರು, ನನಗಿಂತ ಎಂಟು ವರ್ಷ ಚಿಕ್ಕವ. "ನರಕ ಮೇಲೆಲ್ಲೂ ಇಲ್ಲೆ. ವೈತರಣಿ ಅಂದ್ರೆ ನಮ್ಮ ಪಶ್ಚಾತ್ತಾಪ, ಅಷ್ಟೇಯ" ಎನ್ನುತ್ತಿದ್ದ. ಜನ ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಗ್ರೂಪುಗಳಿಗೆ ಹಾಕಿದರು. ನಾನು ಓದುವಾಗ ಗೋಡೆಗೊರಗಿ ತೂಕಡಿಸುತ್ತಿದ್ದವರು ಇದೇ ಜನ. ಯಲ್ಲಾಪುರದವರು ಅವನನ್ನು ಕರೆದರೆ ಕರೆಯಲಿ, ಸಿದ್ದಾಪುರದವರೂ ಕರೆದರು. ಹಿತ್ತಲ ಗಿಡ ಮದ್ದಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಅದಕ್ಕೆ ಬೇರೆ ಹೆಸರಿಲ್ಲ.

ಹೆಚ್ಚು ಉರಿದದ್ದು ಗೋದಾನದ ಮಾತಿಗೆ. ಸತ್ತವರು ವೈತರಣಿ ದಾಟಲು ಹಸುವಿನ ಬಾಲ ಹಿಡಿಯಬೇಕು. ಅದಕ್ಕೇ ಹನ್ನೊಂದನೆಯ ದಿನ ಗೋದಾನ. ಹಸು ಸಿಗದ ಮನೆಗಳಲ್ಲಿ ಬದಲಿಗೆ ತೆಂಗಿನಕಾಯಿ ಕೊಡುತ್ತಾರೆ, ನಾನು ಗೊಣಗುತ್ತಿದ್ದೆ. ಅವನೋ, "ನದಿಯೇ ಮನಸ್ಸಿಂದು, ಕಾಯಿ ಧಾರಾಳ ಸಾಕು" ಎಂದುಬಿಟ್ಟ. ಜನರಿಗೆ ಇನ್ನೇನು ಬೇಕು? ಅವನಿಗೂ ಒಂದು ದಿನ ಬರಲಿ, ಆಗ ನೋಡುವಾ ಎಂದುಕೊಂಡೆ. ಅಂದುಕೊಂಡದ್ದು ಹೌದು, ಈಗ ಇಲ್ಲ ಎನ್ನಲಾರೆ.

ಬಂತು. ಹೋದ ವರ್ಷ ನನ್ನ ಸೋದರಮಾವ, ಅಂದರೆ ಅವನ ಅಪ್ಪ, ತೀರಿಕೊಂಡ. ಹತ್ತನೆಯ ದಿನ ವೈತರಣಿಯ ಭಾಗ ಓದಲು ಮಗ ನನ್ನನ್ನೇ ಕರೆಸಿದ. ಭೈರುಂಬೆಯಲ್ಲಿ ಬಸ್ಸಿಳಿದು ಅವರ ಮನೆಗೆ ನಡೆಯುವಾಗ ನಾಲಿಗೆಯ ತುದಿಯಲ್ಲಿ ಒಂದು ಮಾತು ಕಾದಿತ್ತು: ಎಂತ ಭಾವ, ನಾಳಿಗೆ ಕಾಯಿ ತಂದಿಟ್ಟಿದ್ಯ? ಅಂಗಳದಲ್ಲಿ ಕರುವಿನ ಜೊತೆ ಹಸು ನಿಂತಿತ್ತು. ಇಡಗುಂದಿಯಿಂದ ಟೆಂಪೋದಲ್ಲಿ ತರಿಸಿದ್ದನಂತೆ.

"ಭಾವ, ಇದ್ದಾಂಗೇ ಓದು. ಅರ್ಥ ಬಿಡಿಸದು ಬ್ಯಾಡ" ಎಂದ. ತಲೆ ಬೋಳಿಸಿಕೊಂಡು ಚಿಕ್ಕವನ ಹಾಗೆ ಕಾಣುತ್ತಿದ್ದ.

"ನದಿ ಮನಸ್ಸಿಂದು ಹೇಳ್ತಿದ್ದೆ?" ನಾನು ಬಿಡಲಿಲ್ಲ.

"ಬೇರೆಯವರ ಅಪ್ಪಯ್ಯ ದಾಟಕಾದಾಗ ಹೇಳ್ತಿದ್ದಿ. ಎನ್ನ ಅಪ್ಪಯ್ಯಂಗೆ ಈಜು ಬತ್ತಿತ್ತಿಲ್ಲೆ."

ಓದಿದೆ. ಕೀವು, ರಕ್ತ, ಮೊಸಳೆ, ಏನನ್ನೂ ಬಿಡಲಿಲ್ಲ. ಅವನು ಕಂಬಕ್ಕೊರಗಿ ಹಸುವನ್ನೇ ನೋಡುತ್ತ ಅತ್ತ. ವಾದದಲ್ಲಿ ಗೆದ್ದವನು ನಾನು, ಹೊಟ್ಟೆಕಿಚ್ಚು ಇಳಿಯಬೇಕಿತ್ತು. ಮತ್ತೂ ಏರಿತು. ಹಾಗೆ ಅಳಲು ನನಗೆ ಆಗಿರಲಿಲ್ಲ.

ನನ್ನ ಅಪ್ಪ ಹೋದಾಗ ನಾನು ಓದುವವರ ಉಚ್ಚಾರ ತಿದ್ದುತ್ತ ಕೂತಿದ್ದೆ. ಅಪ್ಪನಿಗೆ ಈಜು ಬರುತ್ತಿತ್ತೋ ಇಲ್ಲವೋ ಈಗಲೂ ಗೊತ್ತಿಲ್ಲ. ಗೋದಾನಕ್ಕೆ ಕೊಟ್ಟದ್ದು ಒಂದು ತೆಂಗಿನಕಾಯಿ.