ಪಾತಾಳ ಫೌಜಿನ ರಾಣಿ

ವ್ಯಾಯಾಮದ ರಬ್ಬರ್ ಪಟ್ಟಿಗಳ ಹೊಸ ಕಟ್ಟು ಬಿಚ್ಚಿದಾಗ ಬರುವ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದರೂ ಅದನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ನಿಂತವರು ನೀವಾಗಿರಲಿಕ್ಕಿಲ್ಲ. ನಾನು ನಿಂತೆ. ಬೀದರದಲ್ಲಿ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ಕಿದೆ. ಹಿಡಿದುಕೊಂಡ ಭುಜ, ಮಡಚದ ಮೊಣಕಾಲು, ಇವೇ ನನ್ನ ಅನ್ನ. ಮಂಚದ ಮೇಲೆ ಕಾಲು ಚಾಚಿ ಕೂತಿದ್ದ ಅಜ್ಜಿ ಸ್ವಲ್ಪ ಹೊತ್ತು ಕಾದು, "ಡಾಕ್ಟರಬಾಯಿ, ತಲಿ ತಿರಗ್ಲಿಕತ್ತದೇನ್ರಿ?" ಎಂದಳು. ತಲೆ ತಿರುಗುತ್ತಿರಲಿಲ್ಲ. ಆ ವಾಸನೆಯ ಹಿಂದೆಯೇ ಕ್ಯಾಪ್ಟನ್ ಬಿಚ್ಛೂ ಬಂದು ನಿಂತಿದ್ದ, ಅಷ್ಟೇ.

ಅವನ್ಯಾರು ಎಂದು ನೀವು ಕೇಳಲೇಬೇಕು, ಏಕೆಂದರೆ ಅವನನ್ನು ಯಾರೂ ನೆನಪಿಟ್ಟುಕೊಂಡಿಲ್ಲ. ನಾವು ಚಿಕ್ಕವರಿದ್ದಾಗ 'ಪಾತಾಳ ಫೌಜ್' ಎಂಬ ಗೊಂಬೆಗಳು ಬರುತ್ತಿದ್ದವು. ಅಂಗೈಯುದ್ದದ ಪ್ಲಾಸ್ಟಿಕ್ ವೀರರು. ಮೈ ಮನುಷ್ಯರದು, ಮುಖ ಮಾತ್ರ ನೆಲದೊಳಗೆ ಬಿಲ ತೋಡುವ ಜೀವಿಗಳದು. ಕ್ಯಾಪ್ಟನ್ ಬಿಚ್ಛೂನ ಬೆನ್ನ ಹಿಂದೆ ಚೇಳಿನ ಕೊಂಡಿ ಇತ್ತು. ಅದು ರಬ್ಬರಿನದು, ಮೇಲೆ ಹೇಳಿದ ವಾಸನೆ ಅದರದೇ. ಕೇಕಡಾ ಎಂಬವನಿಗೆ ಏಡಿಯ ಕೈ. ಶಾಲೆಯ ಹುಡುಗರೆಲ್ಲ ತೋಳುಬ್ಬಿದ, ಕತ್ತಿ ಹಿಡಿದ ಬೇರೆ ಗೊಂಬೆಗಳ ಹಿಂದೆ ಬಿದ್ದಿದ್ದರು. ನಮ್ಮವನ್ನು ಕಂಡರೆ "ಹುಳದ ಗೊಂಬಿ" ಎಂದು ನಗುತ್ತಿದ್ದರು. ಆದರೆ ಅವರ ವೀರರು ಕಟ್ಟಿಗೆಯ ಹಾಗೆ ನೆಟ್ಟಗೆ ನಿಲ್ಲುತ್ತಿದ್ದರು. ನಮ್ಮವರು ಮೊಣಕಾಲು ಮಡಚಿ ಚಕ್ಕಳಮಕ್ಕಳ ಹಾಕಿ ಕೂಡುತ್ತಿದ್ದರು! ಮೊಣಕೈ, ಮಣಿಕಟ್ಟು, ಕುತ್ತಿಗೆ, ಎಲ್ಲಕ್ಕೂ ಕೀಲು. ಈ ಕಸುಬಿಗೆ ಬಂದದ್ದು ಜನರ ನೋವು ನೋಡಲಾಗದೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಕೇಕಡಾನ ಮೊಣಕಾಲಿನ ಪಾಲೂ ಅದರಲ್ಲಿದೆ.

'ನಮ್ಮವು' ಎಂದೆನಲ್ಲ, ಅದು ನನ್ನದು ಮತ್ತು ಸುಜಾತಾಳದು. ಅವಳು ನಮ್ಮ ಓಣಿಯ ಎದುರು ಮನೆಯವಳು. ಅವರ ಪಡಸಾಲೆಯಲ್ಲಿ ಬುದ್ಧನ ಮೂರ್ತಿ, ನಮ್ಮಲ್ಲಿ ಬಸವಣ್ಣನ ಪಟ. ಎರಡರ ಮುಂದೆಯೂ ಫೌಜು ಬಿಡಾರ ಹೂಡುತ್ತಿತ್ತು. ಊರ ಕೆಳಗೆ ಸುಲ್ತಾನರ ಕಾಲದ ನೀರಿನ ಸುರಂಗವಿದೆಯಲ್ಲ, ಕ್ಯಾಪ್ಟನ್ ಬಿಚ್ಛೂನ ಠಾಣೆ ಅದರಲ್ಲೇ ಇದೆಯೆಂದು ನಾವು ಖಚಿತವಾಗಿ ನಂಬಿದ್ದೆವು. ಒಮ್ಮೆ ಆ ಸುರಂಗದ ಬಾವಿಗೆ ಬಗ್ಗಿ ಅವನನ್ನು ಕೂಗಿ, ಸುಜಾತಾಳ ತಂದೆಯ ಕೈಗೆ ಸಿಕ್ಕು ಬೈಸಿಕೊಂಡದ್ದೂ ಉಂಟು.

ಗೊಂಬೆಯ ರಟ್ಟಿನ ಹಿಂಬದಿಯಲ್ಲಿ ಫೌಜಿನವರೆಲ್ಲರ ಚಿತ್ರವಿರುತ್ತಿತ್ತು. ಮೂಲೆಯಲ್ಲೊಂದು ಬರೀ ಕಪ್ಪು ನೆರಳು, ತಲೆಯ ಮೇಲೆ ಮೂರು ಮೊನೆಯ ಕಿರೀಟ, ಕೆಳಗೆ 'ರಾಣಿ ದೀಮಕ್, ಬೇಗ ಬರಲಿದ್ದಾಳೆ' ಎಂದು ಹಿಂದಿಯಲ್ಲಿ. ದೀಮಕ್ ಅಂದರೆ ಗೆದ್ದಲು. ಇಡೀ ಫೌಜಿನಲ್ಲಿ ಅವಳೊಬ್ಬಳೇ ಹೆಣ್ಣು. ನಾವಿಬ್ಬರೂ ಕಾದೆವು. ನನ್ನಪ್ಪ ಪರವೂರಿಗೆ ಹೊರಟರೆ ಸಾಕು, ರಾಣಿ ಸಿಕ್ಕರೆ ತರಬೇಕೆಂದು ಗಂಟುಬಿದ್ದೆವು. ರಾಣಿ ಬರಲಿಲ್ಲ. ಅವಳ ಬದಲು 'ದರಿಯಾ ಫೌಜ್' ಬಂತು: ಅದೇ ಬಿಚ್ಛೂ, ನೀಲಿ ಬಣ್ಣ, ಕಣ್ಣಿಗೆ ಈಜುವವರ ಕನ್ನಡಕ. "ಇವಗ ನೀಲಿ ನೀರಾಗ ಅದ್ದಿ ತಗದಾರ ನೋಡು" ಎಂದು ಸುಜಾತಾ ಅಂಗಡಿಯಲ್ಲೇ ಮೂಗು ಮುರಿದಳು. ಆಮೇಲೆ ರೆಕ್ಕೆಗಳ 'ಆಸ್ಮಾನ್ ಫೌಜ್' ಬಂದಿದೆ ಎಂದು ಯಾರೋ ಹೇಳಿದರು. ನೆಲದೊಳಗಿನ ಹುಳಕ್ಕೆ ಆಕಾಶದಲ್ಲೇನು ಕೆಲಸ? ನಮಗೆ ಎಷ್ಟು ಅವಮಾನವಾಯಿತೆಂದರೆ, ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಮುಂದೆ ಪರೀಕ್ಷೆ, ಕಾಲೇಜು, ಮದುವೆ. ಸುಜಾತಾ ಭಾಲ್ಕಿಯಲ್ಲಿ ವಿಜ್ಞಾನದ ಟೀಚರಾದಳು. ನಮ್ಮ ಗೆಳೆತನ ಹಬ್ಬಕ್ಕೊಮ್ಮೆ ಮೊಬೈಲಿನಲ್ಲಿ ಹೂವಿನ ಚಿತ್ರ ಕಳಿಸುವಷ್ಟಕ್ಕೆ ಬಂದು ನಿಂತಿತ್ತು.

ಅಜ್ಜಿಯನ್ನು ಮನೆಗೆ ಕಳಿಸಿ ನಾನು ಅವಳಿಗೆ ಫೋನು ಹಚ್ಚಿದೆ. "ಸುಜಿ, ಕ್ಯಾಪ್ಟನ್ ಬಿಚ್ಛೂ ನೆನಪದಾನೇನ?"

ಆ ಕಡೆಯಿಂದ ಸುಜಾತಾ ಕಿರುಚಿದಳು, "ಏ ಹುಚ್ಚಿ, ಇಲ್ಲಿ ಭಾಲ್ಕ್ಯಾಗ ಒಂದು ಅಂಗಡ್ಯಾಗ ಇನ್ನಾ ತೂಗಾಡ್ಲಿಕತ್ತಾನ! ದಿನಾ ನೋಡ್ಕೋತ ಹೋಗ್ತೇನಿ. ಒಳಗ ಹೋಗಿ ಕೇಳ್ಲಿಕ್ಕ ನಾಚಿಕಿ ಬರ್ತದ."

ಭಾನುವಾರ ಬೆಳಿಗ್ಗೆ ನಾನು ಭಾಲ್ಕಿಯಲ್ಲಿದ್ದೆ. ನೋಟ್‌ಬುಕ್ಕು, ಶಾಲೆಯ ಚೀಲ ಮಾರುವ ಅಂಗಡಿ. ಚೀಲಗಳ ಹಿಂದೆ ಬಿಸಿಲಿಗೆ ಬಣ್ಣಗೆಟ್ಟ ರಟ್ಟುಗಳಲ್ಲಿ ಬಿಚ್ಛೂ, ಕೇಕಡಾ, ಜೊತೆಗೆ ಆ ನೀಲಿ ಬಿಚ್ಛೂ. ಅಂಗಡಿಯ ಕಾಕಾ ಕೋಲಿನಿಂದ ಇಳಿಸಿಕೊಟ್ಟರು. ನೀಲಿಯವನನ್ನು ಬದಿಗಿಡಲು ಹೋದ ಸುಜಾತಾ ಸುಮ್ಮನೆ ರಟ್ಟು ತಿರುಗಿಸಿದಳು. ಹಿಂದೆ ಆ ರಟ್ಟನ್ನು ನಾವು ತಿರುಗಿಸಿಯೂ ನೋಡಿರಲಿಲ್ಲ. ಮೂಲೆಯಲ್ಲಿ ಅದೇ ಕಪ್ಪು ನೆರಳು, ಅದೇ ಮೂರು ಮೊನೆಯ ಕಿರೀಟ. ಆದರೆ ಬೆನ್ನಿಗೆ ಉದ್ದನೆಯ ರೆಕ್ಕೆಗಳು. ಕೆಳಗೆ 'ಆಸ್ಮಾನ್ ಫೌಜಿನಲ್ಲಿ ನೋಡಿ' ಎಂದು.

ಸುಜಾತಾ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದಳು. "ಮಳಿ ಬಿದ್ದ ಮ್ಯಾಲ ಗೆದ್ದಲಿಗಿ ರೆಕ್ಕಿ ಬರ್ತಾವಲ್ಲೇ! ಪ್ರತಿ ವರ್ಷಾ ಪಾಠ ಮಾಡ್ತೇನಿ, ತಲಿಗಿ ಹೊಳೀಲಿಲ್ಲ ನೋಡು!"

ನಿಮಗೆ ಅರ್ಥವಾಯಿತಲ್ಲ? ನಾವು ನಕಲಿ ಎಂದು ತಳ್ಳಿಹಾಕಿದ ಗೊಂಬೆಗಳು ನಮ್ಮ ಕಥೆಯ ಮುಂದಿನ ಭಾಗಗಳಾಗಿದ್ದವು. ಯಾರೋ ಒಬ್ಬ ಪುಣ್ಯಾತ್ಮ ಎಲ್ಲೋ ಕೂತು, ನೆಲದಿಂದ ನೀರಿಗೆ, ನೀರಿನಿಂದ ಗಾಳಿಗೆ ಎಂದು ಎಲ್ಲವನ್ನೂ ಯೋಚಿಸಿಟ್ಟಿದ್ದ. ನಾವೇ ಅರ್ಧಕ್ಕೆ ಎದ್ದು ಬಂದವರು.

"ರೆಕ್ಕಿ ಇರೋವು ಇಲ್ಲೇನ್ರಿ ಕಾಕಾ?" ಎಂದೆ.

"ಔರಾದದಾಗ ನಮ್ಮ ತಮ್ಮನ ಅಂಗಡ್ಯಾಗ ಇದ್ದುವ್ರಿ. ಆದರ ಅಂವ ಅಂಗಡಿ ಖಾಲಿ ಮಾಡ್ಲಿಕತ್ತಾನ. ಮಧ್ಯಾಹ್ನ ಭಂಗಾರದವ ಬಂದು ಎಲ್ಲಾ ಒಯ್ತಾನಂತ." ಭಂಗಾರದವ ಎಂದರೆ ನಮ್ಮ ಕಡೆ ಗುಜರಿ ಸಾಮಾನು ಒಯ್ಯುವವನು. ಕಾಕಾ ತಮ್ಮನಿಗೆ ಫೋನು ಮಾಡಿದರು. ಫೋನು ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ಓಡಿದೆವು. ನಲವತ್ತು ದಾಟಿದ ಇಬ್ಬರು ಹೆಂಗಸರು ಗೊಂಬೆಗಳ ಚೀಲ ಎದೆಗೆ ಅವಚಿಕೊಂಡು ಭಾಲ್ಕಿಯ ಬಸ್‌ಸ್ಟ್ಯಾಂಡಿಗೆ ಓಡುವುದನ್ನು ನಮ್ಮ ರೋಗಿಗಳಾಗಲಿ ವಿದ್ಯಾರ್ಥಿಗಳಾಗಲಿ ನೋಡಿರದಿದ್ದರೆ ಸಾಕು. ಬಸ್ಸು ಠಾಣಾ ಕುಶನೂರದಲ್ಲಿ ನಿಂತದ್ದು ಹೊರಡಲೇ ಒಲ್ಲದು. ಡ್ರೈವರು ಇಳಿದು ಯಾರೊಡನೆಯೋ ತೊಗರಿಯ ಬೆಳೆ ಮಾತಾಡುತ್ತಿದ್ದ. ನಮ್ಮ ಮುಖ ನೋಡಿ ಪಕ್ಕದ ಸೀಟಿನ ಹೆಂಗಸು ಮೆಲ್ಲಗೆ, "ಯಾರಿಗರ ಆರಾಮಿಲ್ಲೇನ್ರಿ ಅಕ್ಕಾ?" ಎಂದಳು.

"ಹಂಗೇನಿಲ್ರಿ," ಎಂದಳು ಸುಜಾತಾ ಗಂಭೀರವಾಗಿ. "ನಮ್ಮ ಗೆಳತಿ ಒಬ್ಬಾಕಿ ಊರು ಬಿಟ್ಟು ಹೊಂಟಾಳ. ಅಷ್ಟರಾಗ ಮುಟ್ಟಬೇಕು."

ಔರಾದದ ಅಂಗಡಿಯ ಮುಂದೆ ಭಂಗಾರದವನ ಗಾಡಿ ಆಗಲೇ ನಿಂತಿತ್ತು. ಒಳಗೆ ಗೋಡೆಗಳು ಬೋಳು. ಕಾಕಾನ ತಮ್ಮ ಮೈತುಂಬ ಧೂಳು ಮಾಡಿಕೊಂಡು ನಿಂತಿದ್ದರು. "ಪ್ಲಾಸ್ಟಿಕ್ ಎಲ್ಲಾ ಗಾಡಿಗಿ ಹೋಯ್ತಲ್ರಿ," ಎಂದರು. ನಾವು ಗಾಡಿ ಹತ್ತಿದೆವು. "ಏ ಬಾಯಿ, ಕಟ್ಟಿದ ಚೀಲ ಬಿಚ್ಚಬ್ಯಾಡ್ರಿ!" ಎಂದು ಭಂಗಾರದವ ಕೂಗಿದ, ಬಿಚ್ಚಿಯಾಗಿತ್ತು. ಒಡೆದ ಬಕೆಟ್ಟು, ಟಿಫಿನ್ ಡಬ್ಬಿ, ಕಾಲಿಲ್ಲದ ಕುದುರೆ. ಎರಡನೆಯ ಚೀಲದ ತಳದಲ್ಲಿ ನನ್ನ ಕೈಗೆ ರಟ್ಟಿನ ಅಂಚು ತಾಗಿತು. 'ರಾಣಿ ಪರ್‌ವಾಜ್' ಎಂದು ಹೊಸ ಹೆಸರು, ಪರ್‌ವಾಜ್ ಅಂದರೆ ಹಾರಾಟ. ಮೂರು ಮೊನೆಯ ಕಿರೀಟ. ಹಿಂಬದಿಯ ಚಿತ್ರದಲ್ಲಿ ಹುತ್ತ ಬಿರಿದಿದೆ, ಅವಳು ಹೊರಗೆ ಬರುತ್ತಿದ್ದಾಳೆ, ಕ್ಯಾಪ್ಟನ್ ಬಿಚ್ಛೂ ಮೊಣಕಾಲೂರಿ ಸಲಾಮು ಮಾಡುತ್ತಿದ್ದಾನೆ.

"ಒಂದೇ ಅದಲ್ರಿ," ಎಂದರು ಅಂಗಡಿಯವರು. "ಯಾರಿಗಿ ಕೊಡ್ಲಿ?"

"ನನಗ," ಎಂದೆವು ಇಬ್ಬರೂ ಒಟ್ಟಿಗೆ.

ಪೊಟ್ಟಣ ಒಡೆಯಬಾರದು, ಹೀಗೇ ಇಡಬೇಕು ಎಂದು ನಾನು ಹೇಳುವಷ್ಟರಲ್ಲಿ ಸುಜಾತಾ ಪರ್ರನೆ ಹರಿದಳು. ಬೆನ್ನಿನ ಮೇಲೊಂದು ಗುಂಡಿ. ಒತ್ತಿದರೆ ರೆಕ್ಕೆ ಬಿಚ್ಚಬೇಕು. ಒತ್ತಿದಳು. ಬಿಚ್ಚಲಿಲ್ಲ. ಇನ್ನೂ ಜೋರಾಗಿ ಒತ್ತಹೋದಾಗ ನಾನು ಕೈ ಹಿಡಿದೆ. "ಬ್ಯಾಡ ಸುಜಿ! ಹಳೀ ಪ್ಲಾಸ್ಟಿಕ್, ಸಿಡೀತದ." ಪಕ್ಕದ ಚಹಾ ಅಂಗಡಿಯಿಂದ ಒಂದು ಗ್ಲಾಸು ಬಿಸಿನೀರು ತರಿಸಿ, ರಾಣಿಯನ್ನು ಭುಜದವರೆಗೆ ಮುಳುಗಿಸಿ ಹಿಡಿದೆ. ಹಿಡಿದ ಕೀಲನ್ನು ಜಗ್ಗಬಾರದು. ಮೊದಲು ಶಾಖ, ಆಮೇಲೆ ಎಳ್ಳಷ್ಟೆಳ್ಳಷ್ಟೇ ತಿರುವಬೇಕು. ಅಭ್ಯಾಸಬಲ ನೋಡಿ, "ಉಸರು ಬಿಡ್ರಿ, ಹಗೂರಕ," ಎಂದು ಗೊಂಬೆಗೆ ಹೇಳಿಯೂಬಿಟ್ಟೆ. ಯಾರೂ ನಗಲಿಲ್ಲ. ಭಂಗಾರದವನೂ ಉಸಿರು ಹಿಡಿದು ನಿಂತಿದ್ದ.

ಟಕ್.

ಎರಡು ರೆಕ್ಕೆಗಳೂ ಒಮ್ಮೆಲೇ ಬಿಚ್ಚಿಕೊಂಡವು. ಒಳಗಿನ ಬಣ್ಣ ಬಿಸಿಲನ್ನೇ ಕಂಡಿರಲಿಲ್ಲ. ಹೊಚ್ಚ ಹೊಸ ಕಿತ್ತಳೆ. "ವಾಹ್!" ಎಂದ ಭಂಗಾರದವ. ಸುಜಾತಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಆಮೇಲೆ ಕಣ್ಣನ್ನೂ.

ರಾಣಿಯನ್ನು ಅವಳೇ ಒಯ್ದಳು, ಗೆದ್ದಲಿನ ಪಾಠಕ್ಕೆ ಬೇಕು ಎಂಬ ನೆಪ ಹೇಳಿ. ನಾನು ಸಂತಪುರದ ಮೇಲಿನ ಬಸ್ಸಿನಲ್ಲಿ ಬೀದರಕ್ಕೆ ಬಂದೆ, ದಾರಿಯುದ್ದಕ್ಕೂ ನಗುತ್ತ.

ಇವತ್ತು ಮತ್ತೆ ಭಾನುವಾರ. ಬೆಳಿಗ್ಗೆಯೇ ಸುಜಾತಾ ಬಂದಿದ್ದಾಳೆ. ಕ್ಲಿನಿಕ್ಕಿನ ವ್ಯಾಯಾಮದ ಚಾಪೆಯ ಮೇಲೆ ಬಿಚ್ಛೂ, ಕೇಕಡಾ, ಇಷ್ಟು ವರ್ಷ ತಡವಾಗಿ ಫೌಜಿಗೆ ಸೇರಿದ ನೀಲಿಯವನು, ಎಲ್ಲರೂ ಸಾಲಾಗಿ ನಿಂತಿದ್ದಾರೆ. ನನ್ನ ಗಂಡ ಚಹಾದ ಕಪ್ಪುಗಳನ್ನು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದಾರೆ, ಒಳಗೆ ಬರಲೋ ಬೇಡವೋ ತಿಳಿಯದೆ. ಸುಜಾತಾ ರಾಣಿಯನ್ನು ಎತ್ತಿ ಚಾಪೆಯ ಅಂಚಿಗೆ ತಂದಳು. ರಾಣಿ ಬಂದಾಗ ಏನು ಮಾತಾಡುತ್ತಾಳೆ ಎಂದು ನಾವು ಯಾವತ್ತೂ ಯೋಚಿಸಿಯೇ ಇರಲಿಲ್ಲ. ಬರಲಿ ಎಂಬುದರಲ್ಲೇ ಬಾಲ್ಯ ಮುಗಿದಿತ್ತು. ನಾನು ಕಾದೆ. ಸುಜಾತಾ ಗಂಟಲು ಸರಿಮಾಡಿಕೊಂಡು, ರಾಣಿಯ ರೆಕ್ಕೆ ಬಿಚ್ಚಿ, ಅವಳ ಮುಖವನ್ನು ಫೌಜಿನ ಸಾಲಿನುದ್ದಕ್ಕೂ ಒಮ್ಮೆ ತಿರುಗಿಸಿ, ರಾಜಗಾಂಭೀರ್ಯದಿಂದ ಹೇಳಿದಳು:

"ತಡ ಆಯ್ತ್ರಿಪಾ. ಬಸ್ ಸಿಗಲಿಲ್ಲ."